ನಮ್ಮ ಬೀದಿಯ ನಾಲ್ಕಡಿ ಫುಟ್‌ಪಾತ್

2021ರ ಮೇ 10ರಿಂದ ಕೊರೊನಾ ಲಾಕ್‌ಡೌನ್ ಬಿಗಿಯಾದ ಮೇಲೆ ಸರಸ್ವತೀಪುರಂನ ನಮ್ಮ ಬೀದಿಯಲ್ಲಿ ಎಲ್ಲರೂ ನಡೆಯತೊಡಗಿದರು. ಹಾಲು ತರಕಾರಿಗೆ ಗಾಡಿ ತೆಗೆಯಬೇಡಿ, ನಡೆದೇ ಹೋಗಿ ಅಂತ ಮೊದಲು ಹೇಳಿದರು. ಆಮೇಲೆ ಹತ್ತಿರದ ಅಂಗಡಿಗೆ ಗಾಡಿಯಲ್ಲಿ ಹೋಗಬಹುದು ಅಂತ ಸ್ಪಷ್ಟನೆ ಬಂತು, ಆದರೂ ಪೊಲೀಸರ ಕೈಗೆ ಸಿಕ್ಕಿಕೊಳ್ಳುವುದು ಯಾಕೆ ಅಂತ ಜನ ಸ್ಕೂಟರನ್ನು ಒಳಗೇ ಬಿಟ್ಟು ಚೀಲ ಹಿಡಿದು ಹೊರಡುತ್ತಿದ್ದರು. ಅಂಗಡಿ ತೆರೆದಿರುತ್ತಿದ್ದುದು ಬೆಳಿಗ್ಗೆ 6ರಿಂದ 10. ದಿನವೆಲ್ಲಾ ಅಷ್ಟಿಷ್ಟು ಓಡಾಡುತ್ತಿದ್ದ ಜನ ಆಗ ಆ ನಾಲ್ಕು ಗಂಟೆಯಲ್ಲೇ ಬೀದಿಗೆ ಬರಬೇಕಿತ್ತು. ಹಿಂದಿನ ವರ್ಷ, 2020ರಲ್ಲೂ ಹೀಗೇ ಆಗಿತ್ತು, ನೆನಪಿದೆಯಾ? ಮೇ 19ರಿಂದ ಪಾರ್ಕ್‌ಗಳನ್ನು ತೆರೆದಾಗ ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7 ಅಂತ ಸಮಯ ಕೊಟ್ಟಿದ್ದರು. ಬಡಾವಣೆಯ ವಾಕಿಂಗ್ ಮಂದಿಯೆಲ್ಲಾ ಒಟ್ಟಿಗೇ ಗೇಟಿನ ಹತ್ತಿರ ಸೇರುತ್ತಿದ್ದರು.

ನಮ್ಮ ಫುಟ್‌ಪಾತನ್ನು ಆಗ ಒಮ್ಮೆ ಟೇಪ್ ಹಿಡಿದು ಅಳೆದೆ. ಚರಂಡಿ ಮೇಲೆ ಹಾಸಿರುವ ಚಪ್ಪಡಿ ಕಲ್ಲು, ಅಗಲ ನಾಲ್ಕಡಿ ಎರಡು ಇಂಚು. ಅದರಲ್ಲೂ ಟ್ರಾನ್ಸ್‌ಫಾರ್ಮರ್ ಇದೆ, ಯಾರದೋ ಮನೆಯ ಹೂವಿನ ಕುಂಡಗಳಿವೆ, ಮನೆಮನೆಗೂ ಕಾರು ಹತ್ತಿಸುವ ಇಳಿಜಾರು ಇದೆ. ಒಂದು ಸಂಪಿಗೆ ಮರದ ಬುಡದಲ್ಲಂತೂ ಉಳಿದಿರುವುದು ಒಂದೂವರೆ ಅಡಿ ಅಷ್ಟೇ. ರಸ್ತೆಗಳಿಗೆ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಅಡ್ಡಿಯಿಲ್ಲದೆ ನಡೆಯುವ ಜಾಗವೇ ಕನಿಷ್ಠ 1.8 ಮೀಟರ್ ಇರಬೇಕು, ಅಂದರೆ ಸುಮಾರು ಆರಡಿ. ಅಷ್ಟು ಇದ್ದರೂ ಎದುರುಬದುರು ಬರುವ ಇಬ್ಬರು ಸೋಂಕು ತಗಲದಂತೆ ಆರಡಿ ದೂರ ಉಳಿಯಲು ಆಗುವುದಿಲ್ಲ. ಯಾರಾದರೂ ಒಬ್ಬರು ರಸ್ತೆಗೆ ಇಳಿಯಲೇಬೇಕು.

ಯಾರು ಇಳಿಯಬೇಕು ಅನ್ನುವುದೇ ಪ್ರಶ್ನೆ.

ನಮ್ಮತ್ತೆಗೆ ಆಗ 71. ಮಂಡಿನೋವು. ಫುಟ್‌ಪಾತಿನಿಂದ ರಸ್ತೆಗೆ ಒಂದು ಅಡಿ ಎತ್ತರ ಇದೆ, ಅಷ್ಟು ಇಳಿಯಬೇಕಾದರೂ ಅವರಿಗೆ ಏನಾದರೂ ಹಿಡಿದುಕೊಳ್ಳಬೇಕು. ಮಂಗಳವಾರ ಇಬ್ಬರೂ ಬಿಪಿ ಮಾತ್ರೆಗೆ ಹೋಗಿದ್ದೆವು. ಎದುರಿನಿಂದ ಇಬ್ಬರು ಹುಡುಗರು ಅಕ್ಕಪಕ್ಕ ಮೊಬೈಲ್ ನೋಡುತ್ತಾ ಬಂದರು, ತಲೆ ಎತ್ತಲೇ ಇಲ್ಲ. ನಾನು ಏನಾದರೂ ಹೇಳುವಷ್ಟರಲ್ಲಿ ಅತ್ತೆ ಕರೆಂಟ್ ಕಂಬ ಹಿಡಿದು ನಿಧಾನಕ್ಕೆ ಕೆಳಗಿಳಿದು ನಿಂತಿದ್ದರು. ಹುಡುಗರು ಕೆಟ್ಟವರಲ್ಲ, ನೋಡಲಿಲ್ಲ ಅಷ್ಟೇ. ಆದರೆ ಅಂಥ ಹೊತ್ತಿನಲ್ಲಿ ನೋಡದೇ ಇರುವುದೇ ದೊಡ್ಡ ತಪ್ಪು ಅಂತ ನನಗೆ ಅನ್ನಿಸುತ್ತದೆ. ಇಳಿಯಲು ಯಾರಿಗೆ ಸುಲಭವೋ ಅವರು ಇಳಿಯಬೇಕು. ಕೋಲು ಹಿಡಿದವರು, ಬಸುರಿಯರು, ಮಗು ಎತ್ತಿಕೊಂಡವರು, ಎರಡು ಕೈಯಲ್ಲೂ ತರಕಾರಿ ಚೀಲ ಇರುವವರು ಮೇಲೇ ಇರಲಿ. ಇಳಿಯುವ ಮುಂಚೆ ಹಿಂದೆ ತಿರುಗಿ ನೋಡಿ, ರಸ್ತೆ ಖಾಲಿ ಅಂತ ಡೆಲಿವರಿ ಹುಡುಗರು ತುಂಬಾ ಜೋರಾಗಿ ಬರುತ್ತಾರೆ.

ಇನ್ನೊಂದು ಕ್ಯೂ ವಿಷಯ. ಹಾಲಿನ ಬೂತಿನ ಮುಂದೆ ಬಣ್ಣದಲ್ಲಿ ಬರೆದ ವೃತ್ತಗಳು ಹಿಂದಿನ ವರ್ಷದವು, ಮಾಸಿಹೋಗಿದ್ದವು, ಆದರೂ ಜನ ಅಂತರ ಬಿಟ್ಟೇ ನಿಲ್ಲುತ್ತಿದ್ದರು, ಅದು ಸಂತೋಷ. ತೊಂದರೆ ಏನೆಂದರೆ ಆ ಸಾಲು ಫುಟ್‌ಪಾತಿಗೆ ಪೂರ್ತಿ ಅಡ್ಡ ಬಿದ್ದಿರುತ್ತಿತ್ತು, ಸುಮ್ನೆ ದಾಟಿಹೋಗುವವರು ಇಬ್ಬರ ನಡುವೆ ಮೈ ಸೋಕಿಸಿಕೊಂಡೇ ತೂರಬೇಕಿತ್ತು. ಸಾಲನ್ನು ಕಾಂಪೌಂಡ್ ಗೋಡೆಯ ಉದ್ದಕ್ಕೆ ತಿರುಗಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಮತ್ತೆ ದಯವಿಟ್ಟು ಉಗುಳಬೇಡಿ. ಎಲೆ ಅಡಿಕೆಯೋ ಕಫವೋ, ಏನೇ ಇರಲಿ. 2020ರ ಏಪ್ರಿಲ್‌ನಲ್ಲೇ ಕೇಂದ್ರ ಸರ್ಕಾರ ಸಾರ್ವಜನಿಕ ಜಾಗದಲ್ಲಿ ಉಗುಳಿದರೆ ದಂಡ ಅಂತ ಹೇಳಿತ್ತು, ನಮ್ಮ ಟ್ರಾನ್ಸ್‌ಫಾರ್ಮರ್ ಬುಡ ಇವತ್ತಿಗೂ ಕೆಂಪಗೇ ಇದೆ.

ಇಷ್ಟು ಹೇಳಿದ ಮೇಲೆ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಈ ಬರಹ ಶುರುಮಾಡಿದ್ದೇ ಅದಕ್ಕೆ.

ಗುರುವಾರ ಬೆಳಿಗ್ಗೆ ಹಾಲು ತಗೊಂಡು ಬರುವಾಗ ಪಕ್ಕದ ಮನೆ ಆಂಟಿ ಗೇಟಲ್ಲಿ ಸಿಕ್ಕಿದರು. ಅವರ ಮಗನಿಗೆ ಪಾಸಿಟಿವ್ ಬಂದು ವಾಸಿಯಾದ ಕಥೆ, ಆಕ್ಸಿಜನ್ ಮಟ್ಟ ಇಳಿದ ಆ ಒಂದು ರಾತ್ರಿಯ ಕಥೆ, ಹತ್ತು ಹದಿನೈದು ನಿಮಿಷ ಮಾತಾಡಿದೆವು. ಇಬ್ಬರ ಮಾಸ್ಕೂ ಗದ್ದಕ್ಕೆ ಇಳಿದಿತ್ತು, ಮಧ್ಯೆ ಒಂದು ತೋಳಿನಷ್ಟು ದೂರವೂ ಇರಲಿಲ್ಲ. ಅಲ್ಲಿಂದ ಎರಡು ಮನೆ ದಾಟಿದೆ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕ ಕಡ್ಡಿಪೊರಕೆ ಹೆಗಲಿಗೆ ಹಾಕಿಕೊಂಡು ಎದುರಿಗೆ ಬಂದರು. ನಾನು ತಟ್ಟನೆ ಮಾಸ್ಕ್ ಮೇಲೆಳೆದುಕೊಂಡೆ, ಅದರ ಮೇಲೆ ದುಪಟ್ಟಾ ಒತ್ತಿ ಹಿಡಿದೆ, ರಸ್ತೆಗೆ ಹಾರಿದೆ. ಅವರು ಅಷ್ಟರಲ್ಲಾಗಲೇ ಒಂದು ಕಾಲು ಕೆಳಗಿಟ್ಟಿದ್ದರು.

"ಬಿಡಕ್ಕಾ, ನಾವೇ ಕೆಳಗೆ ಹೋಯ್ತೀವಿ. ನಮ್ಗಿದು ಅಭ್ಯಾಸ."

ಕೋಪವೇನೂ ಇರಲಿಲ್ಲ ಆ ಮಾತಲ್ಲಿ. ಸುಮ್ನೆ ಹೇಳಿದರು. ನಾನು ಆಂಟಿ ಜೊತೆ ನಿಂತಿದ್ದನ್ನು ಅವರು ನೋಡಿದ್ದರು, ಆ ಹದಿನೈದು ನಿಮಿಷವೂ ಅಲ್ಲೇ ಗುಡಿಸುತ್ತಿದ್ದರು.

ಮನೆಗೆ ಬಂದು ಹಾಲು ಕಾಯಿಸುವಾಗಲೂ ಆ ಮಾತು ಬಿಡಲಿಲ್ಲ. ಬಯಲಿನಲ್ಲಿ ಎರಡು ಸೆಕೆಂಡು ಪಕ್ಕದಲ್ಲಿ ಹಾದುಹೋದರೆ ಅಪಾಯ ತೀರಾ ಕಡಿಮೆ. ಹತ್ತಿರ ನಿಂತು ಮಾತಾಡುವುದರಲ್ಲೇ ಅಪಾಯ ಜಾಸ್ತಿ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೂಡ ಆಗ ಹತ್ತಿರದ ಸಂಪರ್ಕ ಅಂತ ಎಣಿಸುತ್ತಿದ್ದುದು ಆರಡಿಯೊಳಗೆ ಒಟ್ಟು 15 ನಿಮಿಷ ಇದ್ದರೆ. ಆ ಲೆಕ್ಕದಲ್ಲಿ ನಾನು ದೂರ ನಿಲ್ಲಬೇಕಾಗಿದ್ದು ಆಂಟಿಯಿಂದ. ಪೌರಕಾರ್ಮಿಕರಿಗೆ ಫ್ರಂಟ್‌ಲೈನ್ ಕೆಲಸಗಾರರು ಅಂತ ಫೆಬ್ರವರಿಯಲ್ಲೇ ಲಸಿಕೆ ಶುರುವಾಗಿತ್ತು, ನನಗೆ ಆಗಿನ್ನೂ ಒಂದು ಡೋಸೂ ಸಿಕ್ಕಿರಲಿಲ್ಲ. ಹಾಗಾದರೆ ನನ್ನ ಕಾಲು ಹಾರಿದ್ದು ವೈರಸ್ಸಿಗೆ ಹೆದರಿ ಅಲ್ಲ. ನಮ್ಮಜ್ಜಿ ಮಡಿಯಲ್ಲಿದ್ದಾಗ ಜನ ಕಂಡರೆ ಸೆರಗು ಒಟ್ಟುಮಾಡಿಕೊಂಡು ಸರಿಯುತ್ತಿದ್ದರಲ್ಲ, ಅದೇ ನನ್ನ ಮೈಯಲ್ಲೂ ಉಳಿದಿದೆ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಸಾಮಾಜಿಕ ಅಂತರ ಅನ್ನುವ ಪದ ನಮ್ಮ ಕಡೆ ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಅಂತ ಅವತ್ತು ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಆ ಮಾತು ಬಿಟ್ಟು ದೈಹಿಕ ಅಂತರ ಅನ್ನತೊಡಗಿತ್ತು. ಕೊರೊನಾ ಎಚ್ಚರಿಕೆ ಸಾರುತ್ತಿದ್ದ ನಮ್ಮ ಆಟೋ ಮೈಕುಗಳಲ್ಲಿ ಆಗಿನ್ನೂ ಹಳೆಯದೇ ಬರುತ್ತಿತ್ತು.

ಹಾಗಂತ ಅಂತರ ಬಿಡುವುದನ್ನು ನಿಲ್ಲಿಸಲು ಆಗುತ್ತಿರಲಿಲ್ಲ, ಆ ಎರಡನೇ ಅಲೆಯಲ್ಲಿ ನಮ್ಮ ಬೀದಿಯೊಂದರಲ್ಲೇ ಎರಡು ಸಾವಾಗಿತ್ತು. ಆಮೇಲೆ ನಾನು ಮಾಡುತ್ತಿದ್ದುದು ಇಷ್ಟು. ಎದುರಿಗೆ ಯಾರು ಬರುತ್ತಿದ್ದರೋ ಅವರನ್ನು ಇಪ್ಪತ್ತು ಹೆಜ್ಜೆ ಇರುವಾಗಲೇ ನೋಡುತ್ತಿದ್ದೆ, ಕಾರಿನ ಇಳಿಜಾರು ಸಿಕ್ಕಲ್ಲಿ ನಿಧಾನಕ್ಕೆ ಇಳಿದು ನಿಂತು ಕೈ ತೋರಿಸುತ್ತಿದ್ದೆ, ಬನ್ನಿ ಅಂತ. ಹತ್ತಿರ ಬಂದ ಮೇಲೆ ಹಾರಿದರೆ ಅಸಹ್ಯಪಟ್ಟ ಹಾಗೆ ಕಾಣುತ್ತದೆ, ಮೊದಲೇ ನಿಂತರೆ ದಾರಿ ಬಿಟ್ಟ ಹಾಗೆ ಕಾಣುತ್ತದೆ. ಮಾಸ್ಕ್ ಹಿಂದೆ ನಕ್ಕರೆ ತಿಳಿಯುವುದಿಲ್ಲ, ಹಾಗಾಗಿ ಒಂದು ನಮಸ್ಕಾರ. ಆಂಟಿಗೂ ಅಷ್ಟೇ. ಅವರು ಗೇಟಿನ ಒಳಗೆ, ನಾನು ರಸ್ತೆಯಲ್ಲಿ, ಗಟ್ಟಿಯಾಗಿ ಮಾತಾಡುತ್ತಿದ್ದೆವು.

ಒಂದು ಬೆಳಿಗ್ಗೆ ಸಂಪಿಗೆ ಮರದ ಹತ್ತಿರ ಆ ಅಕ್ಕ ಮತ್ತೆ ಸಿಕ್ಕಿದರು. ನಾನು ಈ ಕಡೆ ರಸ್ತೆಗಿಳಿದು ನಿಂತೆ. ಅವರೂ ಆ ಕಡೆ ಇಳಿಯಲು ಹೊರಟರು. "ಬೇಡ ಅಕ್ಕ, ನೀವು ಬನ್ನಿ, ನಾನು ಇಳಿದಾಯ್ತು" ಅಂದೆ. ಸ್ವಲ್ಪ ಹೊತ್ತು ಹಾಗೇ ನಿಂತು ನೋಡಿದರು. ಆಮೇಲೆ ಪೊರಕೆಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿಕೊಂಡು, ಮರದ ಬುಡದ ಒಂದೂವರೆ ಅಡಿಯಲ್ಲಿ ಫುಟ್‌ಪಾತಿನ ಮೇಲೇ ನಡೆದು ಬಂದರು.

"ಹಾಲಿಗಾ ಅಕ್ಕ? ಬೇಗ ಹೋಗಿ, ಕ್ಯೂ ಜಾಸ್ತಿ ಅದೆ."