ಹತ್ತಕ್ಕೆ ದೀಪ ಆರಿಸುತ್ತೇವೆ

ಮಗಳಿಗೆ ಈ ಸಲ ಎಸ್ಸೆಸ್ಸೆಲ್ಸಿ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಪಕ್ಕ ನಮ್ಮ ಮನೆ. ಬೆಳಗ್ಗೆ ಏಳೂವರೆ ಬಸ್ಸು ತಪ್ಪಿದರೆ ಕಷ್ಟ.

ಪೂರ್ವಸಿದ್ಧತಾ ಪರೀಕ್ಷೆ ಹೊತ್ತಿಗೆ ರಾತ್ರಿ ಹನ್ನೆರಡೂವರೆವರೆಗೆ ಓದಿ, ನಾಲ್ಕಕ್ಕೆ ಮತ್ತೆ ಏಳುತ್ತಿದ್ದಳು. ನಾನೇ ಫ್ಲಾಸ್ಕಿಗೆ ಕಾಫಿ ತುಂಬಿಸಿ ಇಡುತ್ತಿದ್ದೆ. ಒಂದು ಬೆಳಗ್ಗೆ ನೋಡಿದರೆ, ಗಣಿತದ ನೋಟ್‌ಬುಕ್ ಮೇಲೆ ಕೆನ್ನೆ ಇಟ್ಟು ಮಲಗಿದ್ದಾಳೆ. ಥೇಲ್ಸ್ ಪ್ರಮೇಯದ ಅರ್ಧ ಸಾಲಿನಿಂದ ಪೆನ್ನು ಜಾರಿ ಪುಟದ ತುದಿವರೆಗೆ ಗೆರೆ ಎಳೆದಿತ್ತು. ಅವತ್ತು ಪರೀಕ್ಷೆಗೂ ಅದೇ ಬಂತು. "ಅಮ್ಮಾ, ಗೊತ್ತಿತ್ತು, ಬರೆಯುವಾಗ ನೆನಪೇ ಆಗ್ಲಿಲ್ಲ" ಅಂತ ಅತ್ತಳು. ಹೊಟ್ಟೆ ಚುರ್ ಅಂತು.

ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆಯೇ ಬೇಕು. ಸಂಜೆ ಕುಡಿದ ಕಾಫಿಯ ಕೆಫೀನು ಸುಮಾರು ಐದು ಗಂಟೆ ಕಳೆದರೂ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ.

ಈಗ ಮಧ್ಯಾಹ್ನದ ಮೇಲೆ ಕಾಫಿ ಇಲ್ಲ, ಜೀರಿಗೆ ಕಷಾಯ. ಒಂಬತ್ತಕ್ಕೆ ಎಲ್ಲರ ಫೋನೂ ಅಡುಗೆಮನೆ ಕಪಾಟಿಗೆ, ನನ್ನದೂ ಸೇರಿ. ಹತ್ತಕ್ಕೆ ದೀಪ ಆರುತ್ತದೆ. ಆರಕ್ಕೆ ಏಳುತ್ತಾಳೆ.

"ಬೆಳಗಿನ ಜಾವ ಓದಿದ್ದೇ ತಲೆಗೆ ಹತ್ತೋದು" ಅಂತಾರೆ ಅತ್ತೆ. ಇರಬಹುದು. ಆದರೆ ಅವರ ಕಾಲದಲ್ಲಿ ಎಂಟೂವರೆಗೇ ಮಲಗುತ್ತಿದ್ದರು, ಅಲ್ವಾ?

ನಿನ್ನೆ ಹತ್ತೂಕಾಲಿಗೆ ಮೆಲ್ಲಗೆ ಇಣುಕಿದೆ. ಕಂಬಳಿ ಮೂಗಿನವರೆಗೆ ಎಳೆದುಕೊಂಡು ಗಾಢ ನಿದ್ದೆಯಲ್ಲಿದ್ದಳು.