ಒಂದು ಪಟ್ಟು ತಪ್ಪಿತು, ಮುಂದೇನು?

ಕಾಸರಗೋಡಿನ ಬದಿಯಡ್ಕ ಕಡೆಯ ನಾವು ಐದಾರು ಜನ ಸಂಜೆ ಹೊತ್ತು ಬ್ರೆಜಿಲಿಯನ್ ಜಿಯು-ಜಿಟ್ಸು ಅಭ್ಯಾಸ ಮಾಡುತ್ತೇವೆ. ನೆಲದ ಮೇಲೆ ಹಿಡಿದು ಪಟ್ಟು ಹಾಕಿ ಎದುರಿನವನನ್ನು ಸೋಲೊಪ್ಪಿಸುವ ಕುಸ್ತಿ ಅದು. ಗೆಳೆಯನ ಮನೆಯ ಮಹಡಿ, ಮೇಲೆ ಶೀಟು. ಅಡಿಕೆ ಚೀಲಗಳನ್ನು ಗೋಡೆಗೆ ಸರಿಸಿದರೆ ಮ್ಯಾಟ್ ಹಾಸುವಷ್ಟು ಜಾಗ ಸಿಗುತ್ತದೆ. ಭಾನುವಾರ ಮಂಗಳೂರಿಗೆ ಹೋಗಿ ಕಲಿತದ್ದನ್ನು ವಾರವಿಡೀ ಇಲ್ಲಿ ಮಾಡಿ ನೋಡುತ್ತೇವೆ. ಹೊಸಬರು, ಅದರಲ್ಲೂ ಕಬಡ್ಡಿ ಆಡಿ ಬಂದ ಹುಡುಗರು, ಎರಡು ತಿಂಗಳಾದ ಮೇಲೆ ನನ್ನಲ್ಲಿ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ನಾನು ಆರ್ಮ್‌ಬಾರ್ ಹಾಕ್ತೇನೆ, ಅವ ಕೈ ಎಳ್ಕೊಳ್ತಾನೆ, ಅಲ್ಲಿಗೆ ಮುಗೀತು. ನೀವು ಒಂದರಿಂದ ಇನ್ನೊಂದಕ್ಕೆ ಹೇಗೆ ಹೋಗ್ತೀರಿ?" ಆರ್ಮ್‌ಬಾರ್ ಅಂದರೆ ಎದುರಿನವನ ಕೈ ನೆಟ್ಟಗೆ ಎಳೆದು ಮೊಣಕೈಗೆ ಒತ್ತುವ ಪಟ್ಟು.

ಮೊದಲನೆಯ ಪಟ್ಟು ಹಾಕುವಾಗಲೇ ಎದುರಿನವನು ಹೇಗೆ ತಪ್ಪಿಸಿಕೊಳ್ಳುತ್ತಾನೆ ಅಂತ ಗೊತ್ತಿರಬೇಕು. ಇಷ್ಟೇ ನನ್ನ ಉತ್ತರ. ತಪ್ಪಿಸಿಕೊಳ್ಳುವ ದಾರಿಗಳು ತುಂಬ ಇಲ್ಲ, ಎರಡೋ ಮೂರೋ. ಎರಡನೆಯ ಪಟ್ಟು ಆ ದಾರಿಯಲ್ಲೇ ಸಿಗುತ್ತದೆ.

ಆರ್ಮ್‌ಬಾರ್ ಅನ್ನೇ ತೆಗೆದುಕೊಳ್ಳಿ. ನೀವು ಬೆನ್ನ ಮೇಲೆ ಮಲಗಿದ್ದೀರಿ, ಅವನು ನಿಮ್ಮ ಕಾಲುಗಳ ನಡುವೆ ಇದ್ದಾನೆ. ಅವನ ಬಲಗೈ ಹಿಡಿದು, ಸೊಂಟ ತಿರುಗಿಸಿ, ನಿಮ್ಮ ಎಡಗಾಲನ್ನು ಅವನ ಮುಖದ ಮೇಲೆ ತಂದಿದ್ದೀರಿ. ಅವನು ಮೊಣಕೈಯನ್ನು ಹಿಂದಕ್ಕೆ ಜಗ್ಗಿ ಬಿಡಿಸಿಕೊಂಡ ಅನ್ನಿ. ಈಗ ನೋಡಿ, ಬಲಗೈ ಹೊರಗೆ ಹೋಯಿತು, ಎಡಗೈ ಇನ್ನೂ ನಿಮ್ಮ ಕಾಲುಗಳ ಒಳಗೇ ಇದೆ. ಒಂದು ಕೈ ಒಳಗೆ, ಒಂದು ಕೈ ಹೊರಗೆ, ನಡುವೆ ಕುತ್ತಿಗೆ. ಟ್ರಯಾಂಗಲ್‌ಗೆ, ಅಂದರೆ ಕಾಲುಗಳ ನಡುವೆ ಕುತ್ತಿಗೆ ಸಿಕ್ಕಿಸಿ ಒತ್ತುವ ಪಟ್ಟಿಗೆ, ಬೇಕಾದದ್ದು ಇದೇ ಅಲ್ವಾ? ಮುಖದ ಮೇಲಿದ್ದ ಎಡಗಾಲು ಹಿಂಗತ್ತಿಗೆ ಇಳಿಯುತ್ತದೆ, ಅದರ ಪಾದವನ್ನು ಬಲಗಾಲಿನ ಮೊಣಕಾಲ ಹಿಂದೆ ಸಿಕ್ಕಿಸುತ್ತೀರಿ. ನೀವು ಹೊಸದಾಗಿ ಹುಡುಕಿದ್ದು ಏನೂ ಇಲ್ಲ. ಕೈ ಎಳೆದುಕೊಂಡು ಅವನೇ ಅದನ್ನು ಕೊಟ್ಟ.

ಅದೇ ಅವನು ಕೈ ಎಳೆಯದೆ ಮೊಣಕೈ ಮಡಚಿ ನಿಮ್ಮ ಸೊಂಟದ ಪಕ್ಕಕ್ಕೆ ಅಡಗಿಸಿದರೆ? ಆಗ ಆ ಎಡಗಾಲಿನಿಂದಲೇ ಅವನ ತಲೆಯನ್ನು ಆಚೆ ತಳ್ಳಿ, ಕಾಲನ್ನು ಅವನ ಬಲ ಭುಜದ ಮೇಲೆ ಹಾಕಿ, ಅವನು ನೋಡುವ ದಿಕ್ಕಿಗೇ ತಿರುಗಿ ಎದ್ದು ಕೂತುಕೊಳ್ಳಿ. ಇದು ಓಮೋಪ್ಲಾಟಾ, ಕಾಲಿನಿಂದ ಭುಜ ತಿರುಚುವ ಪಟ್ಟು. ಪೋರ್ಚುಗೀಸಿನಲ್ಲಿ ಹಾಗೆಂದರೆ ಹೆಗಲ ಮೂಳೆ. ಇಲ್ಲಿಂದ ಅವನು ಮುಂದಕ್ಕೆ ಪಲ್ಟಿ ಹೊಡೆದು ಹೋಗಲು ನೋಡುತ್ತಾನೆ, ಅದಕ್ಕೇ ಕೂತ ಕೂಡಲೇ ಅವನ ಸೊಂಟ ತಬ್ಬಿಕೊಳ್ಳಬೇಕು. ಅವನು ಬೆನ್ನು ನೆಟ್ಟಗೆ ಮಾಡಿ ಎದ್ದರೆ ಮತ್ತೆ ಟ್ರಯಾಂಗಲ್. ಮೂರೂ ಹೀಗೆ ಒಂದಕ್ಕೊಂದು ಕೊಂಡಿ.

ಇಷ್ಟು ಗೊತ್ತಿದ್ದೂ ನಡುವೆ ಜಾರಿಹೋಗುತ್ತದೆ, ನನಗೂ ತುಂಬ ಕಾಲ ಹಾಗೇ ಆಗುತ್ತಿತ್ತು. ಕಾರಣ ಹೊಳೆದದ್ದು ನಮ್ಮ ತೋಟದಲ್ಲಿ. ಅಡಿಕೆ ಕೊಯ್ಯಲು ಬರುವ ಒಬ್ಬರು ಅಣ್ಣ ಇದ್ದಾರೆ, ಕಾಲಿಗೆ ತಳೆ ಹಾಕಿ ಒಮ್ಮೆ ಮರ ಹತ್ತಿದರೆ ಆರೇಳು ಮರಗಳ ಕೊಯ್ಲು ಮುಗಿಸಿಯೇ ಕೆಳಗೆ ಇಳಿಯುವುದು. ಮರವನ್ನು ತೂಗಿ ತೂಗಿ ಪಕ್ಕದ ಮರದ ಹತ್ತಿರ ಬಗ್ಗಿಸುತ್ತಾರೆ, ಒಂದು ಕೈಯಲ್ಲಿ ಆ ಮರವನ್ನು ಹಿಡಿಯುತ್ತಾರೆ, ಹಿಡಿತ ಗಟ್ಟಿಯಾಯಿತು ಅಂತ ಆದ ಮೇಲೆಯೇ ಈ ಮರ ಬಿಡುವುದು. ನಾನು ಚಿಕ್ಕಂದಿನಿಂದ ನೋಡಿದ್ದೇ. ಆದರೂ ಮ್ಯಾಟ್ ಮೇಲೆ ನಾನು ಆರ್ಮ್‌ಬಾರ್ ಪೂರ್ತಿ ಬಿಟ್ಟು, ಕಾಲು ಸಡಿಲ ಮಾಡಿ, ಆಮೇಲೆ ಟ್ರಯಾಂಗಲ್ ಹುಡುಕುತ್ತಿದ್ದೆ. ಆ ಅರ್ಧ ಸೆಕೆಂಡಿನಲ್ಲಿ ಎದುರಿನವನು ಎದ್ದು ನನ್ನ ಕಾಲು ದಾಟಿ ಹೋಗಿರುತ್ತಿದ್ದ. ಈಗ ಹುಡುಗರಿಗೆ ಹೇಳುವುದು ಇಷ್ಟು: ಮೊಣಕಾಲುಗಳು ಒಟ್ಟಿಗೆ ಒತ್ತಿರಲಿ, ಮಣಿಕಟ್ಟು ಕೈಯಲ್ಲೇ ಇರಲಿ, ಇನ್ನೊಂದು ಸಿಗುವ ತನಕ ಎರಡರಲ್ಲಿ ಒಂದನ್ನೂ ಬಿಡಬೇಡಿ.

ಇನ್ನೊಂದು ಜೋಡಣೆ ಕಿಮುರಾದ್ದು. ಅದೇ ಮಲಗಿದಲ್ಲಿಂದ ಎದ್ದು ಕೂತು ಸೊಂಟದಿಂದ ಅವನನ್ನು ಹಿಂದಕ್ಕೆ ತಳ್ಳುತ್ತೀರಿ. ಬೀಳಬಾರದು ಅಂತ ಅವನು ಕೈ ನೆಲಕ್ಕೆ ಊರಿದರೆ ಆ ಕೈಗೆ ಕಿಮುರಾ, ಅಂದರೆ ಕೈಯನ್ನು ಬೆನ್ನ ಕಡೆ ತಿರುಚಿ ಭುಜಕ್ಕೆ ಒತ್ತುವುದು. ಊರದೆ ತಲೆ ಬಗ್ಗಿಸಿ ಮುಂದಕ್ಕೆ ನುಗ್ಗಿದರೆ ಕುತ್ತಿಗೆಗೆ ಗಿಲಟಿನ್, ಅಂದರೆ ತೋಳಿನಿಂದ ಕುತ್ತಿಗೆ ಹಿಸುಕುವುದು. ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ 1951ರಲ್ಲಿ ರಿಯೋದಲ್ಲಿ, ನಮ್ಮ ಈ ಕಲೆಯನ್ನು ಬೆಳೆಸಿದವರಲ್ಲಿ ಒಬ್ಬನಾದ ಹೆಲಿಯೋ ಗ್ರೇಸಿಯನ್ನು ಸೋಲಿಸಿದ್ದು ಆ ಕೈ ತಿರುಚುವ ಪಟ್ಟಿನಿಂದ. ಸೋತ ಕಡೆಯವರೇ ಗೆದ್ದವನ ಹೆಸರನ್ನು ಪಟ್ಟಿಗೆ ಇಟ್ಟರು. ನನಗೆ ಅದು ತುಂಬ ಇಷ್ಟವಾದ ಸಂಗತಿ.

ಅವಸರ ಬೇಡ ಅನ್ನುವುದಕ್ಕೆ ಹೆಲಿಯೋನ ಮಗ ರಾಯ್ಸ್ ಗ್ರೇಸಿಯ 1994ರ ಪಂದ್ಯ ನೋಡಿ. ತನಗಿಂತ ತುಂಬ ದೊಡ್ಡ ಕುಸ್ತಿಪಟು ಡ್ಯಾನ್ ಸೆವರ್ನ್ ಅವನ ಮೇಲೆ ಒರಗಿದ್ದ. ರಾಯ್ಸ್ ಹೆಚ್ಚಿನ ಹೊತ್ತು ಬೆನ್ನ ಮೇಲೇ ಇದ್ದು, 15 ನಿಮಿಷ ದಾಟಿದ ಮೇಲೆ ಟ್ರಯಾಂಗಲ್‌ನಲ್ಲಿ ಗೆದ್ದ.

ಅಭ್ಯಾಸ ಹೇಗೆ ಅಂದರೆ, ಮೊದಲ ವಾರ ಜೊತೆಗಾರನಿಗೆ ಹೇಳಿಬಿಡಿ: "ನೀನು ಕೈ ಎಳಿ, ಬೇರೇನೂ ಮಾಡಬೇಡ." ಎಳೆದ ಕೂಡಲೇ ಟ್ರಯಾಂಗಲ್. ನಿಧಾನಕ್ಕೆ, ಎರಡೂ ಕಡೆ. ಮುಂದಿನ ವಾರ, "ಎಳಿ, ಇಲ್ಲಾ ಅಡಗಿಸು, ಯಾವುದು ಅಂತ ಮೊದಲೇ ಹೇಳಬೇಡ." ಇದರಲ್ಲಿ ಕಲಿಯುವುದು ಜಾಸ್ತಿ, ಯಾಕೆಂದರೆ ಕಣ್ಣಿಗೆ ಕಾಣುವ ಮೊದಲೇ ಅವನ ಮೊಣಕೈ ಯಾವ ಕಡೆ ಸರಿಯುತ್ತಿದೆ ಅಂತ ನಿಮ್ಮ ತೊಡೆಗೆ ಗೊತ್ತಾಗತೊಡಗುತ್ತದೆ. ಸುಮ್ನೆ ವೀಡಿಯೋ ನೋಡಿದರೆ ಇದು ಬರುವುದಿಲ್ಲ. ಆಮೇಲೆ ಜಾಗ ಬದಲಿಸಿ ನೀವು ತಪ್ಪಿಸಿಕೊಳ್ಳುವವರಾಗಿ. ಎಲ್ಲಿ ಭಯವಾಗುತ್ತದೆ, ಕೈ ತನ್ನಷ್ಟಕ್ಕೆ ಎಲ್ಲಿಗೆ ಓಡುತ್ತದೆ, ಗಮನಿಸಿ. ಎದುರಿನವನ ಕೈಯೂ ಅಲ್ಲಿಗೇ ಓಡುವುದು.

ಒಂದು ಎಚ್ಚರಿಕೆ. ಪಟ್ಟಿನಿಂದ ಪಟ್ಟಿಗೆ ಹೋಗುವುದು ವೇಗವಾಗಿರಲಿ, ಕೊನೆಗೆ ಒತ್ತುವುದು ನಿಧಾನವಾಗಿರಲಿ. ಅದರಲ್ಲೂ ಓಮೋಪ್ಲಾಟಾ ಮತ್ತು ಕಿಮುರಾದಲ್ಲಿ ಭುಜ ನೋಯುವ ಹೊತ್ತಿಗೆ ತಡವಾಗಿರಬಹುದು. ನಮ್ಮಲ್ಲಿ ಒಬ್ಬ ಬಿಡು ಅಂತಾನೆ, ಒಬ್ಬ ಬುಡು ಅಂತಾನೆ, ಇನ್ನೊಬ್ಬ ವಿಡು ಅಂತಾನೆ. ಯಾವ ಭಾಷೆಯಲ್ಲಿ ಕೇಳಿದರೂ, ಬಾಯಿ ಬಿಡದೆ ಕೈಯಿಂದ ಎರಡು ಸಲ ತಟ್ಟಿದರೂ, ಆ ಕ್ಷಣವೇ ಬಿಟ್ಟುಬಿಡಿ.