ಒಣಗಿದ ಹುಲ್ಲಿನ ಗೆರೆ

ಬೆಳಿಗ್ಗೆ ಆರೂವರೆ. ರಾತ್ರಿ ಪಾಳಿ ಮುಗಿಯಲು ಇನ್ನು ಅರ್ಧ ಗಂಟೆ ಇತ್ತು. ಅನಿಲ ಪೈಪ್‌ಲೈನಿನ ನಿಯಂತ್ರಣ ಕೊಠಡಿಯಲ್ಲಿ ನಾನೊಬ್ಬನೇ ಇದ್ದೆ. ತುರ್ತು ಸಂಖ್ಯೆಯ ಫೋನು ಹೊಡೆದುಕೊಂಡಿತು. ಮಾತಾಡಿದವರು ವಯಸ್ಸಾದ ಹೆಂಗಸು.

"ಅಣ್ಣಾ, ನಿಮ್ಮ ಪೈಪು ಹೋಗಿರುವ ಕಡೆ ಹುಲ್ಲು ಒಣಗಿದೆ. ಮಳೆ ಬಿದ್ದು ಸುತ್ತೆಲ್ಲ ಹಸಿರಾಗಿದೆ. ಅಲ್ಲಿ ಮಾತ್ರ ಗೆರೆ ಎಳೆದ ಹಾಗೆ ಕಂದಾಗಿದೆ."

"ಕಿಲೋಮೀಟರ್ ಸಂಖ್ಯೆ ಎಷ್ಟಮ್ಮಾ? ಹಳದಿ ಕಂಬದ ಮೇಲೆ ಬರೆದಿರುತ್ತದೆ, ನೋಡಿ ಹೇಳಿ."

"ಕಂಬದ ಅಕ್ಷರವೆಲ್ಲ ಬಿಸಿಲಿಗೆ ಹಾರಿಹೋಗಿದೆ. ಹಳ್ಳ ದಾಟಿದ ಮೇಲೆ ಬಾಗಿದ ಮರ ಒಂದಿದೆಯಲ್ಲ, ಅದರ ಪಕ್ಕ."

ಪರದೆ ನೋಡಿದೆ. ಒತ್ತಡ 62 ಬಾರ್, ಇರಬೇಕಾದಷ್ಟೇ ಇತ್ತು. ಹರಿವಿನಲ್ಲಿ ವ್ಯತ್ಯಾಸವಿರಲಿಲ್ಲ, ಎಚ್ಚರಿಕೆಯ ದೀಪ ಒಂದೂ ಉರಿಯುತ್ತಿರಲಿಲ್ಲ. ಪಾಳಿ ಪುಸ್ತಕದಲ್ಲಿ ಬರೆದೆ: "ಸಾರ್ವಜನಿಕರ ಕರೆ. ಸ್ಥಳ ಖಚಿತವಿಲ್ಲ. ಒತ್ತಡ ಸಾಮಾನ್ಯ." ಮುಂದಿನ ಪಾಳಿಯವನಿಗೆ ಪುಸ್ತಕ ಕೊಟ್ಟು ಮನೆಗೆ ಹೋಗಿ ಮಲಗಿದೆ.

ಲೈನಿನ ಗಸ್ತಿನವರು ಆ ಭಾಗಕ್ಕೆ ಹೋದದ್ದು ಮೂರನೆಯ ದಿನ. ಹೂತಿಟ್ಟ ಒಂದು ವಾಲ್ವಿನ ಜೋಡಣೆಯಲ್ಲಿ ಅನಿಲ ಸೋರುತ್ತಿತ್ತು. ಕೊಳವೆ ಹೂಳಲು ತೋಡಿ ಮುಚ್ಚಿದ ಕಾಲುವೆಯ ಮಣ್ಣು ಸುತ್ತಲಿನ ನೆಲಕ್ಕಿಂತ ಸಡಿಲವಾಗಿರುತ್ತದೆ. ಅನಿಲ ಅದರೊಳಗೇ ಉದ್ದಕ್ಕೆ ಹರಿದು, ಮಣ್ಣಿನಲ್ಲಿದ್ದ ಗಾಳಿಯನ್ನು ಹೊರಗೆ ತಳ್ಳಿತ್ತು. ಈ ಅನಿಲದ ಮುಖ್ಯ ಅಂಶವಾದ ಮೀಥೇನನ್ನು ತಿನ್ನುವ ಸೂಕ್ಷ್ಮಜೀವಿಗಳು ಉಳಿದ ಆಮ್ಲಜನಕವನ್ನೂ ಬಳಸಿಕೊಳ್ಳುತ್ತವೆ. ಬೇರು ಉಸಿರುಗಟ್ಟಿ ಸಾಯುತ್ತದೆ. ಆಕೆ ಕಂಡ ಗೆರೆ ಅದೇ. ನಲವತ್ತು ಹೆಜ್ಜೆ ಉದ್ದವಿತ್ತು ಎಂದು ಗಸ್ತಿನವನು ಹೇಳಿದ. ಬೆಂಕಿ ಹತ್ತಲಿಲ್ಲ. ಆ ಮೂರು ದಿನ ಅಲ್ಲಿ ಯಾರೂ ಕಸ ಸುಡಲಿಲ್ಲ, ಬೀಡಿ ಹಚ್ಚಲಿಲ್ಲ, ಅಷ್ಟೇ.

ಇದಾಗಿ ಬಹಳ ವರ್ಷಗಳಾದವು. ನಾನು ನಿವೃತ್ತನಾಗಿದ್ದೇನೆ. ಈಗ ನಾನಿರುವ ಮನೆಯ ಹಿಂದೆಯೇ ಇನ್ನೊಂದು ಅನಿಲ ಮಾರ್ಗ ಹಾದುಹೋಗಿದೆ. ಫೋನಿನ ಆ ತುದಿಯಲ್ಲಿ ಕೂತಿದ್ದವನು ಈಗ ಈ ತುದಿಯಲ್ಲಿದ್ದೇನೆ. ಹಾಗಾಗಿ ಇದನ್ನು ಬರೆಯುವ ಹೊಣೆ ನನ್ನ ಮೇಲಿದೆ ಎಂದುಕೊಂಡಿದ್ದೇನೆ.

ನಿಯಂತ್ರಣ ಕೊಠಡಿಯ ಪರದೆ ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕೊಳವೆ ಪೂರ್ತಿ ಒಡೆದರೆ ಒತ್ತಡ ದಡಕ್ಕನೆ ಕುಸಿಯುತ್ತದೆ, ಅದು ಕಾಣುತ್ತದೆ. ಸಣ್ಣ ಸೋರಿಕೆ ಕಾಣುವುದಿಲ್ಲ. ಎರಡು ತುದಿಯ ಮೀಟರುಗಳ ನಡುವೆ ದಿನವೂ ಇರುವ ಚಿಕ್ಕ ವ್ಯತ್ಯಾಸದೊಳಗೆ ಅದು ಮುಳುಗಿಹೋಗುತ್ತದೆ. ಅಡುಗೆ ಅನಿಲಕ್ಕೆ ಇರುವ ಆ ಕೆಟ್ಟ ವಾಸನೆ ಕೂಡ ಅನಿಲದ್ದಲ್ಲ, ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಬೇಕೆಂದೇ ಬೆರೆಸುತ್ತಾರೆ. ದೂರ ಸಾಗಿಸುವ ದೊಡ್ಡ ಮಾರ್ಗಗಳಲ್ಲಿ ಎಷ್ಟೋ ಕಡೆ ಅದನ್ನು ಬೆರೆಸಿರುವುದೇ ಇಲ್ಲ. ಅಲ್ಲಿ ಮೂಗನ್ನೂ ನಂಬುವಂತಿಲ್ಲ. ಉಳಿಯುವುದು ಕಣ್ಣು, ಕಿವಿ: ಕಾರಣವಿಲ್ಲದೆ ಒಣಗಿದ ಗಿಡ, ನಿಂತ ನೀರಿನಲ್ಲಿ ಏಳುವ ಗುಳ್ಳೆ, ಗಾಳಿಯಿಲ್ಲದೆ ಹಾರುವ ಧೂಳು, ಹಾವಿನ ಬುಸುಗುಟ್ಟುವಿಕೆಯಂತಹ ಸದ್ದು. ಇವನ್ನು ಕಾಣುವುದು, ಕೇಳುವುದು ಆ ನೆಲದ ಮೇಲೆ ದಿನವೂ ಓಡಾಡುವವರು. ಗಸ್ತಿನವನು ವಾರಕ್ಕೋ ತಿಂಗಳಿಗೋ ಒಮ್ಮೆ ಹೋಗುತ್ತಾನೆ. ಹುಲ್ಲು ನೆನ್ನೆ ಹೇಗಿತ್ತು ಎಂದು ಅವನಿಗೆ ಗೊತ್ತಿಲ್ಲ, ಆಕೆಗೆ ಗೊತ್ತಿತ್ತು.

ಹೊರಗಿನಿಂದ ಬರುವ ಕರೆಯೂ ಒಂದು ಮಾಪನವೇ ಎಂದು ನಾನು ತಡವಾಗಿ ಕಲಿತೆ. ಒತ್ತಡದ ಮಾಪಕ ಏನೋ ಹೇಳಿದರೆ "ಸ್ಥಳ ಖಚಿತವಿಲ್ಲ" ಎಂದು ಬರೆದು ಮಲಗಲು ಹೋಗುತ್ತಿದ್ದೆನೇ? ಇಲ್ಲ. ಎದ್ದು ಓಡುತ್ತಿದ್ದೆ.

ಬೆಲ್ಜಿಯಂನ ಗಿಲಂಗಾಂ ಎಂಬಲ್ಲಿ 2004ರ ಜುಲೈ 30ರಂದು ದೊಡ್ಡ ಅನಿಲ ಕೊಳವೆ ಸಿಡಿದು 24 ಜನ ಸತ್ತರು. ಸೋರಿಕೆಯ ಸುದ್ದಿ ಕೇಳಿ ಧಾವಿಸಿದ್ದ ಅಗ್ನಿಶಾಮಕ ಸಿಬ್ಬಂದಿಯೂ ಅವರಲ್ಲಿದ್ದರು. ಅಲ್ಲಿ ನಡೆದಿದ್ದ ಕಾಮಗಾರಿಯ ಯಂತ್ರವೊಂದು ಕೊಳವೆಯನ್ನು ಆಳವಾಗಿ ಗೀರಿತ್ತು. ಆ ಗೀರಿನ ವಿಷಯ ಕೊಳವೆಯ ಒಡೆಯರಿಗೆ ಮುಟ್ಟಲಿಲ್ಲ. ಮುಂದೆ ಒತ್ತಡ ಏರಿಸಿದಾಗ ಗೀರು ತಡೆಯಲಿಲ್ಲ. ಆಂಧ್ರದ ಗೋದಾವರಿ ಸೀಮೆಯ ನಗರಂನಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಬೆಂಕಿ ಎದ್ದ ಮೇಲೆ ಊರಿನವರು ಹೇಳಿದ್ದು, ಸೋರಿಕೆಯ ಬಗ್ಗೆ ಮೊದಲೇ ದೂರು ಕೊಟ್ಟಿದ್ದೆವು ಎಂದು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ನೀರಿನ ಅಂಶವಿದ್ದ ಅನಿಲ ಹರಿದು, ಒಳಗಿನಿಂದ ತುಕ್ಕು ತಿಂದಿತ್ತು.

ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದ ತನಿಖಾ ವರದಿಯನ್ನು ನಾನು ಎರಡು ಸಲ ಪೂರ್ತಿ ಓದಿದ್ದೇನೆ. 2010ರ ಸೆಪ್ಟೆಂಬರ್ 9ರ ಸಂಜೆ, 1956ರಲ್ಲಿ ಹೂತ 30 ಇಂಚಿನ ಕೊಳವೆ ವಸತಿ ಬಡಾವಣೆಯ ನಡುವೆ ಸಿಡಿಯಿತು. ಎಂಟು ಜನ ಸತ್ತರು, 38 ಮನೆ ನಾಶವಾದವು. ಕಡತದಲ್ಲಿ ಅದು ಬೆಸುಗೆಯಿಲ್ಲದ ಕೊಳವೆ ಎಂದಿತ್ತು. ಅಗೆದು ತೆಗೆದು ನೋಡಿದರೆ ಉದ್ದಕ್ಕೂ ಬೆಸುಗೆ ಇತ್ತು, ಅದೂ ದೋಷದ ಬೆಸುಗೆ. ಅನಿಲ ನಿಲ್ಲಿಸಲು 95 ನಿಮಿಷ ಹಿಡಿಯಿತು. ಪರದೆಯ ಮುಂದೆ ಕೂತು ಅಭ್ಯಾಸವಿರುವ ನನಗೆ ಆ 95 ನಿಮಿಷಗಳನ್ನು ಊಹಿಸಿಕೊಂಡರೆ ಹೊಟ್ಟೆ ತೊಳಸುತ್ತದೆ. ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ತಮ್ಮ ಊರಿನ ಕೆಳಗೆ ಅಂತಹ ಮಾರ್ಗ ಹೋಗಿದೆ ಎಂಬುದು ಅಲ್ಲಿನ ಅಗ್ನಿಶಾಮಕ ದಳದ ಮುಖ್ಯಸ್ಥರಿಗೇ ತಿಳಿದಿರಲಿಲ್ಲ. ಬೆಂಕಿ ಆರಿಸುವವರಿಗೇ ತಿಳಿಯದಿದ್ದ ಮೇಲೆ ಮನೆಯವರಿಗೆ ಎಲ್ಲಿಂದ ತಿಳಿಯಬೇಕು?

ನಾವು ಕೆಲಸದಲ್ಲಿದ್ದಾಗ ಜನರಿಗೆ ತಿಳಿಸುವುದೆಂದರೆ ಕರಪತ್ರ ಹಂಚುವುದು, ಗೋಡೆಗೆ ಸೂಚನೆ ಅಂಟಿಸುವುದು. ಹಂಚಿದ ಪ್ರತಿಗಳ ಲೆಕ್ಕ ಮೇಲಿನ ಕಚೇರಿಗೆ ಹೋಗುತ್ತಿತ್ತು. ಓದಿದವರಿಂದ ಬಂದ ಪ್ರಶ್ನೆಗಳ ಲೆಕ್ಕವನ್ನು ಯಾರೂ ಕೇಳಿದ್ದಿಲ್ಲ. ಅದು ತಿಳಿಸಿದ್ದಾಯಿತು ಎನ್ನಿಸಿಕೊಳ್ಳುವ ಕೆಲಸ. ಜನರನ್ನು ಸೇರಿಸಿಕೊಳ್ಳುವುದು ಬೇರೆಯೇ.

ಸೇರಿಸಿಕೊಳ್ಳಬೇಕಾದದ್ದು ಮೊದಲಿಗೆ ಮಾರ್ಗ ಗುರುತಿಸುವಾಗ. ನಕ್ಷೆಯ ಮೇಲೆ ಗೆರೆ ಗಟ್ಟಿಯಾದ ಮೇಲೆ ಸಭೆ ಕರೆದು "ಆಕ್ಷೇಪಣೆ ಇದ್ದರೆ ಹೇಳಿ" ಎನ್ನುವುದರಲ್ಲಿ ಏನಿದೆ? ಅಷ್ಟು ಹೊತ್ತಿಗೆ ಕೊಳವೆಗೆ ಬೇಡಿಕೆ ಹೋಗಿರುತ್ತದೆ, ಗುತ್ತಿಗೆ ಆಗಿರುತ್ತದೆ. ಒಮ್ಮೆ ಒಬ್ಬ ಹಿರಿಯರ ಜೊತೆ ಪ್ರಸ್ತಾವಿತ ಮಾರ್ಗದ ಉದ್ದಕ್ಕೂ ನಡೆದಿದ್ದೆ. ಒಂದು ಕಡೆ ನಿಂತು, ಕೋಲಿನಿಂದ ನೆಲ ಕುಟ್ಟಿ ಹೇಳಿದರು: "ಇಲ್ಲಿ ಬೇಡಪ್ಪ. ನಾನು ಚಿಕ್ಕವನಿದ್ದಾಗ ಹಳ್ಳ ಇಲ್ಲೇ ಹರಿಯುತ್ತಿತ್ತು. ದೊಡ್ಡ ಮಳೆ ಬಂದರೆ ಮತ್ತೆ ಇಲ್ಲಿಗೇ ಬರುತ್ತದೆ." ನಮ್ಮ ಸರ್ವೆ ನಕ್ಷೆಯಲ್ಲಿ ಹಳ್ಳ ಎಂಬತ್ತು ಮೀಟರ್ ಆಚೆ ಇತ್ತು. ಅಗೆದಾಗ ಸಿಕ್ಕಿದ್ದು ಉರುಟು ಕಲ್ಲು, ನುಣ್ಣನೆಯ ಮರಳು. ಹರಿವ ನೀರು ಮೇಲಿನ ಮಣ್ಣು ಕೊಚ್ಚಿಕೊಂಡು ಹೋದರೆ ಕೊಳವೆ ಆಸರೆಯಿಲ್ಲದೆ ತೂಗಾಡುತ್ತದೆ. ಅಲ್ಲಿ ಮಾರ್ಗ ಬದಲಾಯಿತು. ಕಾರಣದ ಕಾಲಂನಲ್ಲಿ ಆ ಹಿರಿಯರ ಹೆಸರು ಬರಲಿಲ್ಲ, "ತಾಂತ್ರಿಕ ಕಾರಣ" ಎಂದು ಬಂತು.

ಅಪಾಯದ ವಲಯ ಎಷ್ಟು ದೂರ ಎಂಬ ಲೆಕ್ಕ ಗುಟ್ಟಿನದೇನಲ್ಲ. ಅಮೆರಿಕದ ನಿಯಮಗಳಲ್ಲಿರುವ ಸೂತ್ರ ಹೀಗಿದೆ: ಒತ್ತಡದ ವರ್ಗಮೂಲವನ್ನು ಕೊಳವೆಯ ವ್ಯಾಸದಿಂದ ಗುಣಿಸಿ, ಮತ್ತೆ 0.69ರಿಂದ ಗುಣಿಸಬೇಕು. ಒತ್ತಡ ಪಿಎಸ್‌ಐಯಲ್ಲಿ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ), ವ್ಯಾಸ ಇಂಚಿನಲ್ಲಿ, ಉತ್ತರ ಅಡಿಯಲ್ಲಿ. 1,000 ಪಿಎಸ್‌ಐಯ 30 ಇಂಚಿನ ಕೊಳವೆಗೆ ಸುಮಾರು 654 ಅಡಿ, ಅಂದರೆ ಹತ್ತಿರ ಹತ್ತಿರ 200 ಮೀಟರ್. ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕ. ಮನೆಯ ಬಾಗಿಲಿನಿಂದ ಕಂಬದವರೆಗೆ ಎಷ್ಟು ಹೆಜ್ಜೆ ಎಂದು ಎಲ್ಲರೂ ಎಣಿಸಬಹುದು. ಕೊಳವೆಯ ಆಸುಪಾಸಿನಲ್ಲಿ ಎಷ್ಟು ಮನೆಗಳಿವೆ ಎಂಬುದರ ಮೇಲೆ ಅದರ ದಪ್ಪ, ಒತ್ತಡದ ಮಿತಿ ನಿಂತಿವೆ. ಆ ಮನೆ ಎಣಿಕೆ ಕಡತದಲ್ಲಿ ಹಳೆಯದಾಗಿರುತ್ತದೆ. ಪಾಯ ತೋಡಿದ ದಿನವೇ ಅಕ್ಕಪಕ್ಕದವರಿಗೆ ಹೊಸ ಮನೆ ಗೊತ್ತು.

ಊರಿನವರು ಹಟ ಹಿಡಿದದ್ದರಿಂದ ಮಾರ್ಗವೇ ಬದಲಾದ ಉದಾಹರಣೆ ಐರ್ಲೆಂಡಿನ ಕೋರಿಬ್ ಯೋಜನೆ. ಸಂಸ್ಕರಿಸದ ಅನಿಲದ ಭಾರೀ ಒತ್ತಡದ ಕೊಳವೆ ಮನೆಗಳ ಹತ್ತಿರ ಬೇಡ ಎಂದು ತಡೆದ ರಾಸ್‌ಪೋರ್ಟಿನ ಐವರು 2005ರಲ್ಲಿ 94 ದಿನ ಸೆರೆಮನೆಯಲ್ಲಿದ್ದರು. ಆಮೇಲೆ ಸ್ವತಂತ್ರ ಪರಿಶೀಲನೆ ನಡೆದು, ಸಮುದ್ರದಿಂದ ದಡಕ್ಕೆ ಬಂದ ಮೇಲಿನ ಭಾಗದ ಒತ್ತಡವನ್ನು 144 ಬಾರ್‌ಗೆ ಮಿತಿಗೊಳಿಸಲು ಶಿಫಾರಸಾಯಿತು. 2009ರಲ್ಲಿ ಯೋಜನಾ ಮಂಡಳಿಯೂ ಮಾರ್ಗದ ಅರ್ಧದಷ್ಟು ಭಾಗ ಸುರಕ್ಷತೆಯ ದೃಷ್ಟಿಯಿಂದ ಒಪ್ಪತಕ್ಕದ್ದಲ್ಲ ಎಂದಿತು. ಕೊನೆಗೆ ಕೊಲ್ಲಿಯ ಕೆಳಗೆ 4.9 ಕಿಲೋಮೀಟರ್ ಸುರಂಗ ಕೊರೆದು ಕೊಳವೆ ಹಾಕಿದರು. ಆ ಐವರ ಮಾತನ್ನು ಮೊದಲೇ ಕೂತು ಕೇಳಿದ್ದರೆ ಯಾರೂ ಸೆರೆಮನೆಗೆ ಹೋಗಬೇಕಿರಲಿಲ್ಲ.

ನಿಯಮ ಬರೆಯುವ ಕೋಣೆಯೊಳಗೂ ಜನರಿಗೆ ಕುರ್ಚಿ ಬೇಕು. 1999ರ ಜೂನ್ 10ರಂದು ಅಮೆರಿಕದ ಬೆಲಿಂಗ್‌ಹ್ಯಾಮಿನಲ್ಲಿ ಪೆಟ್ರೋಲ್ ಕೊಳವೆ ಒಡೆದು ತೊರೆಗೆ ಹರಿದ ಇಂಧನ ಹೊತ್ತಿಕೊಂಡಿತು. ಹತ್ತು ವರ್ಷದ ಇಬ್ಬರು ಹುಡುಗರು, ಹದಿನೆಂಟರ ಒಬ್ಬ ಯುವಕ ತೀರಿಕೊಂಡರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರ ಪಟ್ಟಿನಿಂದ, ನ್ಯಾಯಾಲಯದ ಇತ್ಯರ್ಥದ ಹಣದಲ್ಲಿ, ಪೈಪ್‌ಲೈನ್ ಸೇಫ್ಟಿ ಟ್ರಸ್ಟ್ ಎಂಬ ಸಂಸ್ಥೆ ನೆಲೆ ಕಂಡಿತು. ಅದು ಇಂದಿಗೂ ನಿಯಮದ ಸಾಲು ಸಾಲನ್ನೂ ಓದಿ ಪ್ರಶ್ನೆ ಕೇಳುತ್ತದೆ. ಆ ದೇಶದ ಅನಿಲ ಕೊಳವೆ ಸಲಹಾ ಸಮಿತಿಯಲ್ಲಿ 15 ಸ್ಥಾನ: ಸರ್ಕಾರಕ್ಕೆ ಐದು, ಉದ್ಯಮಕ್ಕೆ ಐದು, ಸಾರ್ವಜನಿಕರಿಗೆ ಐದು. ಈ ಏರ್ಪಾಡು ನನಗೆ ಬಹಳ ಇಷ್ಟ.

"ಎಲ್ಲರಿಗೂ ನಕ್ಷೆ ಕೊಟ್ಟರೆ ದುಷ್ಕರ್ಮಿಗಳಿಗೂ ಕೊಟ್ಟಂತಲ್ಲವೇ?" ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ವಾಲ್ವಿನ ಬೀಗದ ವಿವರ ಯಾರಿಗೂ ಕೊಡಬೇಡಿ, ಒಪ್ಪುತ್ತೇನೆ. ಆದರೆ ರಸ್ತೆ ದಾಟುವ ಕಡೆಯಲ್ಲೆಲ್ಲ ಹಳದಿ ಕಂಬ ನೆಟ್ಟಿದ್ದೀರಿ, ಮಾರ್ಗವೇನೂ ಗುಟ್ಟಾಗಿ ಉಳಿದಿಲ್ಲ. ತಿಳಿಯದೆ ಉಳಿಯುವವನು ಜೆಸಿಬಿ ಓಡಿಸುವ ಹುಡುಗ. ಕಂಬ ಇರುವುದು ಸುಳಿವಿಗೆ ಮಾತ್ರ, ಕೊಳವೆ ಅದರ ನೇರ ಕೆಳಗೇ ಇರಬೇಕೆಂದಿಲ್ಲ, ಎಷ್ಟು ಆಳದಲ್ಲಿದೆ ಎಂಬುದನ್ನೂ ಅದು ಹೇಳುವುದಿಲ್ಲ. ಅವನಿಗೆ ಇದನ್ನು ಯಾರು ಹೇಳಿದ್ದಾರೆ?

ನಮ್ಮ ಮನೆಗಳ ಹಿಂದಿನ ಮಾರ್ಗಕ್ಕೆ ಈಗ ನಿವಾಸಿಗಳದೊಂದು ಚಿಕ್ಕ ಸಮಿತಿ ಇದೆ. ತಿಂಗಳಿಗೊಮ್ಮೆ ಪೈಪ್‌ಲೈನಿನವರು, ಅಗ್ನಿಶಾಮಕ ಠಾಣೆಯವರು, ನಾವು ಒಟ್ಟಿಗೆ ಕೂರುತ್ತೇವೆ. ಕರೆಗಳ ಪುಸ್ತಕಕ್ಕೆ ಎರಡು ಹೊಸ ಕಾಲಂ ಸೇರಿಸಬೇಕೆಂದು ನಾನು ಪಟ್ಟು ಹಿಡಿದೆ. ಮೊದಲನೆಯದು "ಕರೆ ಮಾಡಿದವರ ಮಾತಿನಲ್ಲೇ ಸ್ಥಳ". ಬಾಗಿದ ಮರ ಎಂದರೆ ಬಾಗಿದ ಮರ ಎಂದೇ ಬರೆಯಬೇಕು. ಅದನ್ನು ಕಿಲೋಮೀಟರಿಗೆ ತಿರುಗಿಸುವುದು ಕೊಠಡಿಯಲ್ಲಿ ಕೂತವರ ಕೆಲಸ. ಇನ್ನೊಂದು "ತಿಳಿಸಿದವರಿಗೆ ಮರುಕರೆ: ದಿನಾಂಕ, ಸಮಯ".

ಈ ಎರಡನೆಯ ಕಾಲಂ ಯಾಕೆ ಎಂದು ಯಾರೋ ಕೇಳಿದಾಗ ಸಭೆಯಲ್ಲಿ ಆ ಹೆಂಗಸಿನ ಕತೆ ಹೇಳಿದೆ. ರಿಪೇರಿ ಮುಗಿದ ಮೇಲೆ ಆಕೆಗೆ ನಾನು ಫೋನ್ ಮಾಡಲಿಲ್ಲ, ಬೇರೆ ಯಾರೂ ಮಾಡಲಿಲ್ಲ. ಆಕೆಯ ಸಂಖ್ಯೆ ಪಾಳಿ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇತ್ತು. ನೆಲ ಸರಿಹೋಯಿತೋ ಇಲ್ಲವೋ, ಮೊಮ್ಮಕ್ಕಳನ್ನು ಆ ಕಡೆ ಬಿಡಬಹುದೋ ಬಾರದೋ, ಆಕೆಗೆ ಹೇಳಿದವರು ಯಾರೂ ಇಲ್ಲ.

ಕಳೆದ ತಿಂಗಳ ಸಭೆಯಲ್ಲಿ ಪುಸ್ತಕ ತೆರೆದಾಗ ಮರುಕರೆಯ ಕಾಲಂನಲ್ಲಿ ಎರಡು ಖಾಲಿ ಮನೆಗಳಿದ್ದವು. ಮುಂದಿನ ವಿಷಯಕ್ಕೆ ಹೋಗೋಣ ಎಂದರು. ಬೇಡ, ಮೊದಲು ಇದು ಎಂದೆ. ಅಲ್ಲೇ ಮೇಜಿನ ಮೇಲೆ ಮೊಬೈಲ್ ಇಟ್ಟು ಯುವ ಎಂಜಿನಿಯರ್ ಮೊದಲ ಸಂಖ್ಯೆ ಒತ್ತಿದಳು. ಎರಡು ಸಲ ರಿಂಗಾಗಿ ಆ ಕಡೆಯಿಂದ ಒಬ್ಬರು "ಯಾರು?" ಎಂದರು. "ಅಜ್ಜಾ, ಪೈಪ್‌ಲೈನ್ ಕಚೇರಿಯಿಂದ. ನೀವು ಹೇಳಿದ ಸದ್ದಿನ ಬಗ್ಗೆ ಮಾತಾಡಬೇಕಿತ್ತು," ಎಂದು ಅವಳು ಶುರುಮಾಡಿದಳು. ನಾವೆಲ್ಲ ಸುಮ್ಮನೆ ಕೂತು ಕೇಳಿಸಿಕೊಂಡೆವು.